ತೆರೆದ ಕೈಯ ಬೆಲೆ

ರಮ್ಮಿ ಆಡಿ ಗೊತ್ತಿದ್ದವರಿಗೆ ಮಜಾಂಗ್ ಅರ್ಧ ಬಂದ ಹಾಗೆಯೇ. ಅಲ್ಲಿ 13 ಎಲೆ, ಇಲ್ಲಿ 13 ಬಿಲ್ಲೆ. ಅಲ್ಲಿಯೂ ಒಂದನ್ನು ಎತ್ತಿ ಒಂದನ್ನು ಬಿಡಬೇಕು, ಇಲ್ಲಿಯೂ ಅಷ್ಟೇ. ರಮ್ಮಿಯಲ್ಲಿ ಎಲೆಗಳೆಲ್ಲ ಎಷ್ಟೇ ಚೆನ್ನಾಗಿ ಕೂಡಿದ್ದರೂ ಜೋಕರ್ ಸೇರದ ಒಂದು ಸಾಚಾ ಸೀಕ್ವೆನ್ಸ್ ಇಲ್ಲದಿದ್ದರೆ ‘ಶೋ’ ಮಾಡುವಂತಿಲ್ಲ. ಜಪಾನಿನ ಮಜಾಂಗಿನಲ್ಲಿಯೂ ಇಂಥದೇ ಒಂದು ಕಟ್ಟಳೆ ಇದೆ, ಆದರೆ ಇನ್ನೂ ಬಿಗಿ. ಆ ಕಟ್ಟಳೆಯ ಹೆಸರು ‘ಯಾಕು’. ಕನ್ನಡದ ಕಿವಿಗೆ ಅದು ‘ಯಾಕೆ’ ಎಂದು ಕೇಳಿಸುತ್ತದೆ. ನನಗಂತೂ ಇಂದಿಗೂ ಹಾಗೆಯೇ ಕೇಳಿಸುತ್ತಿದೆ. ಅದರಿಂದ ನಷ್ಟವೇನೂ ಆಗಿಲ್ಲ.

ಮಕ್ಕಳು ಓದುವ ಪುರವಣಿಯಲ್ಲಿ ವಿಜ್ಞಾನದ ಮೇಷ್ಟ್ರು ಜೂಜಿನ ಪಾಠ ಶುರುಮಾಡಿದರಲ್ಲ ಎಂದು ತಂದೆತಾಯಿಗಳು ಹುಬ್ಬು ಗಂಟಿಕ್ಕುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಜಾಂಗಿಗೆ ಜಪಾನಿನಲ್ಲಿಯೂ ಇಸ್ಪೀಟಿಗಿರುವಂಥ ಕೆಟ್ಟ ಹೆಸರು ಇದ್ದೇ ಇದೆ. ಹಣ ಕಟ್ಟಿ ಆಡುವುದು ಅಲ್ಲಿ ಅಪರಾಧ. 2020ರಲ್ಲಿ ಟೋಕಿಯೊದ ಉನ್ನತ ಪ್ರಾಸಿಕ್ಯೂಟರ್ ಒಬ್ಬರು ಪತ್ರಕರ್ತರ ಜೊತೆ ದುಡ್ಡಿಟ್ಟು ಮಜಾಂಗ್ ಆಡಿದ್ದು ಬಯಲಾಗಿ ರಾಜೀನಾಮೆ ಕೊಡಬೇಕಾಯಿತು. ಇನ್ನೊಂದು ಕಡೆ 2018ರಿಂದ ಅಲ್ಲಿ ಎಂ-ಲೀಗ್ ಎಂಬ ವೃತ್ತಿಪರ ಪಂದ್ಯಾವಳಿ ನಡೆಯುತ್ತಿದೆ. ಆಟಗಾರರು ಕ್ರಿಕೆಟಿಗರಂತೆ ತಂಡದ ಸಮವಸ್ತ್ರ ತೊಟ್ಟು ಕೂರುತ್ತಾರೆ. ಇವೆರಡರ ನಡುವೆ ಮೂರನೆಯದೊಂದು ದಾರಿ ಇದೆ. ಹಣ ಕಟ್ಟುವುದಿಲ್ಲ, ಕುಡಿಯುವುದಿಲ್ಲ, ಸೇದುವುದಿಲ್ಲ ಎಂಬ ಮೂರು ಕರಾರಿನ ‘ಆರೋಗ್ಯ ಮಜಾಂಗ್’. ವಯಸ್ಸಾದವರ ಬುದ್ಧಿ ಮಂಕಾಗದಿರಲಿ, ನಾಲ್ಕು ಜನರ ಒಡನಾಟ ಸಿಗಲಿ ಎಂದು ಊರೂರಿನಲ್ಲಿ ಇದು ನಡೆಯುತ್ತದೆ. ನಾನು ಕಂಡದ್ದು ಈ ಮೂರನೆಯದನ್ನು.

ಮಗಳು, ಅಳಿಯ ಇರುವುದು ಟೋಕಿಯೊದ ನಿಶಿ-ಕಸಾಯ್‌ನಲ್ಲಿ. ಭಾರತೀಯರು ಬಹಳವಾಗಿ ನೆಲೆಸಿರುವ ಬಡಾವಣೆ; ತೊಗರಿಬೇಳೆಗೂ ಕರಿಬೇವಿಗೂ ಅಲ್ಲಿ ಪರದಾಡಬೇಕಿಲ್ಲ. 2023ರ ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಅಳಿಯಂದಿರು ವಾರಕ್ಕೊಂದು ಮಧ್ಯಾಹ್ನ ನನ್ನನ್ನು ಬಡಾವಣೆಯ ಸಮುದಾಯ ಭವನಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿದ್ದವರಲ್ಲಿ ಅತಿ ಕಿರಿಯರೆಂದರೆ ಅವರೇ, ಆಮೇಲೆ ನಾನು. ನಿವೃತ್ತ ಗಣಿತದ ಮೇಷ್ಟ್ರೊಬ್ಬರು ನನ್ನ ಪಕ್ಕದಲ್ಲಿ ಕುಳಿತು ಹೇಳಿಕೊಡುತ್ತಿದ್ದರು. ಎಲ್ಲರೂ ಅವರನ್ನು ‘ಸೆನ್‌ಸೇ’ ಎನ್ನುತ್ತಿದ್ದರು. ನಾನೂ ಮೇಷ್ಟ್ರು ಎಂದು ತಿಳಿದ ಮೇಲೆ ನನ್ನನ್ನೂ ಹಾಗೆಯೇ ಕರೆದು, ಒಂದೇ ಮೇಜಿನಲ್ಲಿ ಇಬ್ಬರು ಸೆನ್‌ಸೇಗಳಾಗಿ ಸ್ವಲ್ಪ ಗೊಂದಲವಾಯಿತು. ಹಾಗೆ ನೋಡಿದರೆ ಈ ಆಟವನ್ನು 1909ರಲ್ಲಿ ಚೀನಾದಿಂದ ಜಪಾನಿಗೆ ಮೊದಲು ತಂದರೆಂದು ಹೇಳಲಾಗುವ ನಗಾವಾ ಹಿಕೊಸಾಕು ಕೂಡ ಸಿಚುವಾನ್ ಪ್ರಾಂತ್ಯದಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರೇ. ನಮ್ಮ ಕುಲಕ್ಕೆ ಇದೊಂದು ಕೀರ್ತಿಯೋ ಅಪಕೀರ್ತಿಯೋ, ಓದುಗರೇ ಹೇಳಬೇಕು.

ಆಟದ ಸಾಮಗ್ರಿ 136 ಬಿಲ್ಲೆಗಳು. 34 ಬಗೆ, ಒಂದೊಂದರಲ್ಲಿ 4. ವೃತ್ತ, ಬಿದಿರು, ಚೀನೀ ಅಕ್ಷರ ಎಂಬ ಮೂರು ಬಣ್ಣಗಳಲ್ಲಿ 1ರಿಂದ 9ರವರೆಗೆ ಅಂಕಿಗಳು; ಇದಲ್ಲದೆ ನಾಲ್ಕು ದಿಕ್ಕಿನ ಗಾಳಿಗಳು ಮತ್ತು ಬಿಳಿ, ಹಸಿರು, ಕೆಂಪು ಎಂಬ ಮೂರು ಡ್ರ್ಯಾಗನ್‌ಗಳು. ಮೂರು ಮೂರರ ನಾಲ್ಕು ಗುಂಪು ಮತ್ತು ಒಂದು ಜೋಡಿ ಕೂಡಿದರೆ ಕೈ ಪೂರ್ತಿಯಾಯಿತು. ಗುಂಪು ಎಂದರೆ ಒಂದೇ ಬಣ್ಣದ 4-5-6ರಂಥ ಸರಣಿ, ಇಲ್ಲವೇ ಒಂದೇ ಥರದ ಮೂರು ಬಿಲ್ಲೆ.

ಇನ್ನು ಸ್ವಲ್ಪ ಲೆಕ್ಕ. ನಾಲ್ವರಿಗೂ 13ರಂತೆ 52 ಬಿಲ್ಲೆ ಹಂಚುತ್ತಾರೆ. 14 ಬಿಲ್ಲೆಗಳನ್ನು ಬೇರೆ ಕೆಲಸಕ್ಕೆಂದು ತೆಗೆದಿಡುತ್ತಾರೆ. ಎತ್ತಲು ಉಳಿಯುವುದು 70. ಒಬ್ಬೊಬ್ಬರಿಗೆ 17 ಸಲವೋ 18 ಸಲವೋ ಸರದಿ ಬರುತ್ತದೆ, ಅಷ್ಟೇ. ಬೇಕಾದ ಬಿಲ್ಲೆ ತನ್ನಷ್ಟಕ್ಕೆ ತನ್ನ ಕೈಗೆ ಬರಲಿ ಎಂದು ಕಾಯುತ್ತ ಕುಳಿತರೆ ಹಲವು ಸಲ ಆಟವೇ ಮುಗಿದುಹೋಗುತ್ತದೆ. ಆದ್ದರಿಂದಲೇ ಪಕ್ಕದವರು ಬೇಡವೆಂದು ಬಿಟ್ಟದ್ದನ್ನು ಕೇಳಿ ತೆಗೆದುಕೊಳ್ಳುವ ದಾರಿ ಇರುವುದು.

ಒಂದೇ ಥರದ ಎರಡು ನಿಮ್ಮಲ್ಲಿದ್ದು ಮೂರನೆಯದನ್ನು ಯಾರೇ ಬಿಟ್ಟರೂ ‘ಪೋನ್’ ಎಂದು ಕೂಗಿ ಎತ್ತಿಕೊಳ್ಳಬಹುದು. ಮೂರಿದ್ದು ನಾಲ್ಕನೆಯದು ಬಂದರೆ ‘ಕಾನ್’. ಸರಣಿಗೆ ಬೇಕಾದುದನ್ನು ಮಾತ್ರ ಎಡಗಡೆಯವರಿಂದ, ಅಂದರೆ ಸರದಿಯಲ್ಲಿ ನಿಮಗಿಂತ ಮುಂಚೆ ಆಡುವವರಿಂದಷ್ಟೇ ತೆಗೆದುಕೊಳ್ಳಬೇಕು. ಅದಕ್ಕೆ ಹೇಳುವ ಮಾತು ‘ಛೀ’! ನಾವು ಬೇಡದ್ದನ್ನು ಕಂಡು ಛೀ ಎನ್ನುತ್ತೇವೆ, ಅವರು ಬೇಕಾದ್ದನ್ನು ಕಂಡು. ಒಂದೇ ಬಿಲ್ಲೆಗೆ ಒಬ್ಬರು ಛೀ, ಒಬ್ಬರು ಪೋನ್ ಎಂದರೆ ಪೋನ್ ಹೇಳಿದವರದೇ ಮೇಲುಗೈ. ‘ರೋನ್’ ಎಂದು ಗೆಲುವನ್ನೇ ಸಾರಿದವರ ಮುಂದೆ ಇಬ್ಬರೂ ಸುಮ್ಮನಾಗಬೇಕು. ಎದುರಿನವರ ಬಿಲ್ಲೆಗೆ ಪೋನ್ ಹೇಳಿದರೆ ನಡುವೆ ಇದ್ದವರ ಸರದಿ ಹಾರಿಹೋಗುತ್ತದೆ. ಕೆಲವು ಹಿರಿಯರು ಆಗ ಗಂಟಲು ಸರಿಮಾಡಿಕೊಳ್ಳುವುದನ್ನು ಕೇಳಬೇಕು.

ಹೀಗೆ ತೆಗೆದುಕೊಂಡದ್ದನ್ನು ಮತ್ತೆ ಕೈಯೊಳಗೆ ಸೇರಿಸುವಂತಿಲ್ಲ. ಗುಂಪನ್ನು ಮೇಜಿನ ಬಲಮೂಲೆಯಲ್ಲಿ ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ತಂದ ಬಿಲ್ಲೆಯನ್ನು ಅಡ್ಡಲಾಗಿ ಮಲಗಿಸಬೇಕು. ಅದು ಮಲಗಿರುವ ಜಾಗ ನೋಡಿದರೆ ಯಾರಿಂದ ಬಂದದ್ದೆಂದು ಗೊತ್ತಾಗುತ್ತದೆ. ಸಾಲ ಎಲ್ಲಿಂದ ತಂದದ್ದೆಂದು ಮನೆಬಾಗಿಲಿಗೆ ಬರೆದು ತೂಗುಹಾಕಿದ ಹಾಗೆ. ಒಂದು ಸಲ ಕರೆದರೆ ಕೈಯಲ್ಲಿ 10 ಬಿಲ್ಲೆ ಉಳಿಯಿತು, ಎರಡು ಸಲಕ್ಕೆ 7, ಮೂರು ಸಲಕ್ಕೆ 4. ಇದೇ ‘ತೆರೆದ ಕೈ’. ಒಂದೇ ಥರದ ನಾಲ್ಕನ್ನೂ ತಾನೇ ಗೋಡೆಯಿಂದ ಎತ್ತಿ ಕಾನ್ ಮಾಡಿದರೆ ಮಾತ್ರ ಬಿಲ್ಲೆ ಹೊರಗಿಟ್ಟರೂ ಕೈ ಮುಚ್ಚಿದ್ದೆಂದೇ ಲೆಕ್ಕ; ಪರರದ್ದನ್ನು ಮುಟ್ಟಲಿಲ್ಲವಲ್ಲ!

ಎರಡನೆಯ ವಾರ ನಡೆದ ಒಂದು ಆಟ ನನಗೆ ಈ ನಿಯಮಗಳನ್ನೆಲ್ಲ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿತು. ಅಳಿಯಂದಿರಿಗೆ ಅಂದು ಬಿಲ್ಲೆಗಳು ಬಹಳ ಬೇಗ ಕೂಡಿಬಂದವು. ವೃತ್ತದ 1-2-3ಕ್ಕೆ ಛೀ, ಬಿದಿರಿನ 9ಕ್ಕೆ ಪೋನ್, ಅಕ್ಷರದ 6-7-8ಕ್ಕೆ ಮತ್ತೆ ಛೀ. ಕೈಯಲ್ಲಿ ಉಳಿದದ್ದು ಅಕ್ಷರದ 2ರ ಜೋಡಿ, ಬಿದಿರಿನ 4 ಮತ್ತು 5. ಬಿದಿರಿನ 3 ಬಂದರೂ ಆಯಿತು, 6 ಬಂದರೂ ಆಯಿತು. ಆ ಸುತ್ತಿನಲ್ಲಿ ಅಕ್ಷರದ 2 ‘ಡೋರಾ’ ಬೇರೆ, ಅಂದರೆ ಗೆದ್ದರೆ ಹೆಚ್ಚುವರಿ ಬೆಲೆ ತರುವ ಬಿಲ್ಲೆ. ಎದುರಿನ ಅಜ್ಜಿ ಬಿದಿರಿನ 6 ಬಿಟ್ಟದ್ದೇ ತಡ, ಇವರು ‘ರೋನ್!’ ಎಂದು ಕೈಯನ್ನೆಲ್ಲ ತೆರೆದಿಟ್ಟರು. ನಾಲ್ಕು ಗುಂಪು, ಒಂದು ಜೋಡಿ, ಎರಡು ಡೋರಾ. ಮೇಜಿನ ಸುತ್ತ ಮೌನ. ಸೆನ್‌ಸೇ ಕನ್ನಡಕ ಸರಿಪಡಿಸಿಕೊಂಡು ಮೆಲ್ಲಗೆ ಕೇಳಿದರು: ‘ಯಾಕು ವಾ?’ ಅಂದರೆ, ಯಾಕು ಎಲ್ಲಿ?

ಇರಲಿಲ್ಲ. ಆಕಾರವೇನೋ ಪೂರ್ತಿಯಾಗಿತ್ತು, ಗೆಲ್ಲಲು ಕಾರಣವಿರಲಿಲ್ಲ. ಯಾಕು ಎಂದರೆ ಆಟ ಒಪ್ಪಿಕೊಂಡಿರುವ ಒಂದು ವಿನ್ಯಾಸ ಅಥವಾ ಸಂದರ್ಭ. ಅದು ಒಂದಾದರೂ ಇದ್ದರೆ ಮಾತ್ರ ಗೆಲುವು. ಡೋರಾ ಎಷ್ಟಿದ್ದರೂ ಅದು ಯಾಕುವಿನ ಮೇಲೆ ಬರುವ ಬಡ್ಡಿಯೇ ಹೊರತು ಅಸಲಲ್ಲ. ಸುಳ್ಳು ಗೆಲುವು ಸಾರಿದ್ದಕ್ಕೆ ದಂಡವೂ ಉಂಟು, ಹಲವು ಕಡೆ 8000 ಅಂಕ. ಆ ದಂಡದ ಹೆಸರು ‘ಚೊಂಬೊ’! ಅಳಿಯಂದಿರು ಪೆಚ್ಚುಮೋರೆ ಹಾಕಿಕೊಂಡು, “ಮಾವ, ಚೊಂಬು ಸಿಕ್ಕಿತು” ಎಂದಾಗ ನಾನೊಬ್ಬನೇ ನಕ್ಕದ್ದು. ಪಾಪ, ಉಳಿದವರಿಗೆ ಕನ್ನಡ ಬರುತ್ತಿರಲಿಲ್ಲ.

ಸೆನ್‌ಸೇ ಆಮೇಲೆ ಅದೇ 14 ಬಿಲ್ಲೆಗಳನ್ನು ಮೇಜಿನ ಮೇಲೆ ಜೋಡಿಸಿ ಇನ್ನೊಂದು ಲೆಕ್ಕ ತೋರಿಸಿದರು. ಯಾರಿಂದಲೂ ತೆಗೆದುಕೊಳ್ಳದೆ ಇದೇ ಕೈಯನ್ನು ಕಟ್ಟಿ, ಒಂದೇ ಬಿಲ್ಲೆ ಬಾಕಿ ಇರುವಾಗ ‘ರೀಚಿ’ ಎಂದು ಸಾರಿ 1000 ಅಂಕದ ಕಡ್ಡಿಯನ್ನು ಮೇಜಿನ ಮೇಲಿಟ್ಟಿದ್ದರೆ, ಆ ರೀಚಿಯೇ ಒಂದು ಯಾಕು ಆಗುತ್ತಿತ್ತು. ಅಜ್ಜಿಯ ಅದೇ ಬಿಲ್ಲೆಗೆ 5200 ಅಂಕ ಬರುತ್ತಿತ್ತು. ಅವೇ ಬಿಲ್ಲೆಗಳು, ಅದೇ ಆಕಾರ. ಒಂದು ದಾರಿಯಲ್ಲಿ 5200, ಇನ್ನೊಂದು ದಾರಿಯಲ್ಲಿ ದಂಡ. ಪ್ರಯೋಗಶಾಲೆಯಲ್ಲಿ ಎರಡು ಪರೀಕ್ಷಾ ನಳಿಕೆಗಳನ್ನು ಪಕ್ಕಪಕ್ಕ ಹಿಡಿದು ತೋರಿಸಿದಷ್ಟು ಸ್ಪಷ್ಟವಾಗಿತ್ತು ಅವರ ಪಾಠ. ಹಳೆಯ ಚೀನೀ ಪದ್ಧತಿಯಲ್ಲಿ ಆಕಾರ ಕೂಡಿದರೆ ಗೆಲುವೆಂದೇ ಲೆಕ್ಕವಿತ್ತು. ‘ಯಾಕೆ’ ಎಂದು ಕೇಳುವ ಈ ಪದ್ಧತಿ ಬೆಳೆದದ್ದು ಜಪಾನಿನಲ್ಲಿ.

ಹಾಗಾದರೆ ತೆರೆದ ಕೈಗೆ ಉಳಿಯುವ ಯಾಕುಗಳಾವುವು? ಮೊದಲು ಕಳೆದುಕೊಳ್ಳುವವನ್ನು ಹೇಳುತ್ತೇನೆ. ರೀಚಿ ಹೋಯಿತು. ಬರೀ ಸರಣಿಗಳಿಂದ ಕಟ್ಟುವ ‘ಪಿನ್‌ಫು’ ಹೋಯಿತು. ಒಂದೇ ಬಣ್ಣದಲ್ಲಿ ಒಂದೇ ಸರಣಿ ಎರಡು ಸಲ ಬರುವ ‘ಈಪೇಕೋ’ ಹೋಯಿತು. ಮುಚ್ಚಿದ ಕೈಯವರು ಗೆಲುವಿನ ಬಿಲ್ಲೆಯನ್ನು ತಾವೇ ಎತ್ತಿಕೊಂಡರೆ ಅದೂ ಒಂದು ಯಾಕು; ತೆರೆದ ಕೈಯವರು ತಾವೇ ಎತ್ತಿ ಗೆಲ್ಲಬಹುದಾದರೂ ಅದಕ್ಕೆ ಯಾಕುವಿನ ಮನ್ನಣೆ ಇಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ.

ಬೆಲೆ ಕುಸಿದರೂ ಉಳಿಯುವಂಥವು ಕೆಲವಿವೆ. ಇಲ್ಲಿ ಬೆಲೆಯ ಮಾಪನ ‘ಹಾನ್’. ಒಂದೇ ಬಣ್ಣದ ಜೊತೆ ಗಾಳಿ, ಡ್ರ್ಯಾಗನ್‌ಗಳನ್ನು ಸೇರಿಸಿ ಕಟ್ಟುವ ‘ಹೊನಿತ್ಸು’ ಮುಚ್ಚಿದ್ದರೆ 3 ಹಾನ್, ತೆರೆದರೆ 2. ಬರೀ ಒಂದೇ ಬಣ್ಣದ ‘ಚಿನಿತ್ಸು’ 6ರಿಂದ 5ಕ್ಕೆ ಇಳಿಯುತ್ತದೆ. ಒಂದೇ ಸರಣಿ ಮೂರೂ ಬಣ್ಣಗಳಲ್ಲಿ ಬಂದರೆ, ಅಥವಾ ಒಂದೇ ಬಣ್ಣದಲ್ಲಿ 1ರಿಂದ 9ರವರೆಗೆ ಕೂಡಿದರೆ 2 ಹಾನ್. ಒಂದೇ ಒಂದು ಸಲ ಛೀ ಅಂದಿದ್ದರೂ 1. ಒಂದು ಹಾನ್ ತಾನೇ ಎನ್ನುವಂತಿಲ್ಲ. ಸಾಮಾನ್ಯ ಕೈಗೆ 1 ಹಾನಿಗೆ 1000, 2ಕ್ಕೆ 2000, 3ಕ್ಕೆ 3900 ಎಂದು ಅಂಕಗಳು ಹೆಚ್ಚುಕಡಿಮೆ ಇಮ್ಮಡಿಯಾಗುತ್ತ ಹೋಗುತ್ತವೆ, 8000 ಮುಟ್ಟುವವರೆಗೆ. ಆದ್ದರಿಂದ ಒಂದು ಹಾನ್ ಬಿಟ್ಟುಕೊಟ್ಟರೆ ಅರ್ಧ ಬೆಲೆ ಬಿಟ್ಟುಕೊಟ್ಟ ಹಾಗೆ. ಹತ್ತನೆಯ ತರಗತಿಯ ಮಕ್ಕಳಿಗೆ ಶ್ರೇಢಿ ಕಲಿಸುವ ಗಣಿತದ ಮೇಷ್ಟ್ರುಗಳು ಇದನ್ನು ಗಮನಿಸಬೇಕು.

ಏನೂ ಕಳೆದುಕೊಳ್ಳದವು ಮೂರು ನಾಲ್ಕು. ಡ್ರ್ಯಾಗನ್‌ಗಳಲ್ಲಿ ಯಾವುದಾದರೂ ಒಂದು, ಇಲ್ಲವೇ ತನ್ನ ಆಸನದ ಗಾಳಿ, ಇಲ್ಲವೇ ಆ ಸುತ್ತಿನ ಗಾಳಿ ಮೂರು ಕೂಡಿದರೆ 1 ಹಾನ್, ತೆರೆದರೂ 1. ನಾಲ್ಕು ಗುಂಪೂ ಒಂದೇ ಥರದ ಮೂರರವಾದರೆ 2, ತೆರೆದರೂ 2. ಇನ್ನೊಂದು ಬಹಳ ಪ್ರಚಾರದಲ್ಲಿರುವುದು ‘ತಾನ್ಯಾವೊ’: 1, 9, ಗಾಳಿ, ಡ್ರ್ಯಾಗನ್ ಯಾವುದನ್ನೂ ಸೇರಿಸದೆ 2ರಿಂದ 8ರೊಳಗೆ ಕೈ ಕಟ್ಟುವುದು. ತೆರೆದ ತಾನ್ಯಾವೊ ನಡೆಯುತ್ತದೆಯೇ ಎಂಬುದನ್ನು ಮಾತ್ರ ಕೂರುವ ಮೊದಲೇ ಕೇಳಿಕೊಳ್ಳಬೇಕು. ಇಂದು ಬಹುತೇಕ ಕಡೆ ನಡೆಯುತ್ತದೆ, ಎಂ-ಲೀಗಿನಲ್ಲಿಯೂ. ಇವೆಲ್ಲ ಇಲ್ಲದೆಯೂ, ಗೋಡೆಯ ಕಟ್ಟಕಡೆಯ ಬಿಲ್ಲೆಯಿಂದ ಗೆದ್ದರೆ ಅದೇ ಒಂದು ಯಾಕು. ಅಳಿಯಂದಿರ ಕೈ ಕೂಡ ಆಗ ಊರ್ಜಿತವಾಗುತ್ತಿತ್ತು. ಆದರೆ ಅದನ್ನು ನಂಬಿ ಕೂರುವುದು ಪರೀಕ್ಷೆಗೆ ಒಂದೇ ಅಧ್ಯಾಯ ಓದಿಕೊಂಡು ಹೋದಂತೆ.

ಇನ್ನೊಂದು ನಿಯಮ ನನ್ನ ಮನಸ್ಸಿಗೆ ಬಹಳ ಹಿಡಿಸಿತು, ‘ಫುರಿತೆನ್’. ಪ್ರತಿಯೊಬ್ಬರೂ ಬಿಟ್ಟ ಬಿಲ್ಲೆಗಳನ್ನು ತಮ್ಮ ಮುಂದೆ ಸಾಲಿಗೆ ಆರರಂತೆ ಕ್ರಮವಾಗಿ ಇಡುತ್ತಾರೆ. ನೀವು ಕಾಯುತ್ತಿರುವ ಬಿಲ್ಲೆಗಳಲ್ಲಿ ಒಂದನ್ನಾದರೂ ಹಿಂದೆ ನೀವೇ ಬಿಟ್ಟಿದ್ದರೆ, ಇನ್ನೊಬ್ಬರು ಬಿಟ್ಟದ್ದರ ಮೇಲೆ ಗೆಲುವು ಸಾರುವಂತಿಲ್ಲ. ತಾನೇ ಗೋಡೆಯಿಂದ ಎತ್ತಿ ಗೆಲ್ಲಬೇಕು. ಬಿಟ್ಟದ್ದನ್ನು ಬೇರೆಯವರು ಪೋನ್ ಹೇಳಿ ಒಯ್ದಿದ್ದರೂ ಲೆಕ್ಕ ಲೆಕ್ಕವೇ. ಹೀಗಾಗಿ ಎದುರಾಳಿಗಳು ನಿಮ್ಮ ಮುಂದಿನ ಸಾಲನ್ನು ಓದಿ ಯಾವುದು ಅಪಾಯವಿಲ್ಲದ ಬಿಲ್ಲೆ ಎಂದು ಊಹಿಸಬಲ್ಲರು. ತೆರೆದ ಕೈಯವರಿಗೆ ಇದು ಇಮ್ಮಡಿ ಕಷ್ಟ. ಅವರು ಕೂಡಿಸಿದ್ದೂ ಕಾಣುತ್ತದೆ, ಬಿಟ್ಟದ್ದೂ ಕಾಣುತ್ತದೆ. ಇನ್ನೊಬ್ಬರು ರೀಚಿ ಸಾರಿದಾಗ ಮುಚ್ಚಿದ ಕೈಯವರು 13ರಲ್ಲಿ ಹುಡುಕಿ ಅಪಾಯವಿಲ್ಲದ್ದೊಂದನ್ನು ಬಿಡುತ್ತಾರೆ. ಮೂರು ಸಲ ಕರೆದವರ ಕೈಯಲ್ಲಿ ಹುಡುಕಲಿಕ್ಕೆ ಇರುವುದೇ ನಾಲ್ಕು.

ಇಷ್ಟೆಲ್ಲ ಕೇಳಿದ ಮೇಲೆ ತೆರೆದ ಕೈ ಎಂದರೆ ಅವಸರದವರ, ಅಗ್ಗದವರ ಆಟ ಎಂದು ಓದುಗರಿಗೆ ಅನ್ನಿಸಿರಬಹುದು. ನಮ್ಮ ಸ್ಟಾಫ್‌ರೂಮಿನಲ್ಲಿ ಈ ಕಥೆ ಹೇಳಿದಾಗ ಹಾಗೆ ಅಂದವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಒಪ್ಪದಿರಲು ಆಟದೊಳಗಿನ ಕಾರಣ ಒಂದಿದೆ, ಹೊರಗಿನದೊಂದಿದೆ. ಹೊರಗಿನದನ್ನು ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹುಡುಗಿಯೊಬ್ಬಳು ಎಸ್‌ಎಸ್‌ಎಲ್‌ಸಿಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಳು. ಪಿಯುಸಿ ವಿಜ್ಞಾನ, ಆಮೇಲೆ ಮೆಡಿಕಲ್ ಎಂದು ನಾವೆಲ್ಲ ನಮ್ಮೊಳಗೇ ತೀರ್ಮಾನಿಸಿಬಿಟ್ಟಿದ್ದೆವು. ಅವಳು ಹೋಗಿ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾಕ್ಕೆ ಅರ್ಜಿ ಹಾಕಿದಳು. ಸ್ಟಾಫ್‌ರೂಮಿನಲ್ಲಿ ಒಬ್ಬೊಬ್ಬರೂ ಲೊಚಗುಟ್ಟಿದರು. ಟಿ.ಸಿ. ತೆಗೆದುಕೊಳ್ಳಲು ಬಂದಾಗ, “ಯಾಕಮ್ಮ?” ಎಂದು ಕೇಳಿದೆ. “ಮೂರು ವರ್ಷಕ್ಕೆ ಸಂಬಳ ಬರಬೇಕು ಸಾರ್. ಅಪ್ಪಂಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ತಮ್ಮ ಇನ್ನೂ ಆರನೇ ಕ್ಲಾಸು” ಎಂದಳು. ಧ್ವನಿಯಲ್ಲಿ ಅಳುಕಿರಲಿಲ್ಲ. ಮನೆಯ ದೊಡ್ಡವರ ಹಾಗೆ ಲೆಕ್ಕ ಹಾಕಿಯೇ ಬಂದಿದ್ದಳು. ನಾನು ಮರುಮಾತಾಡದೆ ಅರ್ಜಿಗೆ ಸಹಿ ಮಾಡಿಕೊಟ್ಟೆ, ಬಸ್ಸಿನವರೆಗೆ ಜೊತೆಗೆ ಹೋದೆ. ಅವಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ತಮ್ಮ ಪಿಯುಸಿ ಓದುತ್ತಿದ್ದಾನೆ. ಅಪ್ಪ ಎರಡು ವರ್ಷದ ಹಿಂದೆ ತೀರಿಕೊಂಡರು, ಆದರೆ ಮಗಳ ಮೊದಲ ಸಂಬಳ ಕಂಡು ಹೋದರು.

ಇನ್ನೊಂದು ಬಗೆಯೂ ಪ್ರತಿ ಜೂನಿನಲ್ಲಿ ನನ್ನ ಮನೆಗೆ ಬರುತ್ತದೆ. ಪಕ್ಕದ ಮನೆಯ ಹುಡುಗ ಬಿಟ್ಟ ಕೋಚಿಂಗು, ದೊಡ್ಡಪ್ಪನ ಮಗ ಬಿಟ್ಟ ಕಂಪ್ಯೂಟರ್ ಕೋರ್ಸು, ಯಾರೋ ಅಂದರೆಂದು ಸೇರಿದ ಇನ್ನೊಂದು. ತಂದೆ ಫೈಲಿನಿಂದ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಹರಡುತ್ತಾರೆ. ಹುಡುಗ ಕಿಟಕಿ ನೋಡುತ್ತಿರುತ್ತಾನೆ. ನನಗೆ ಸೆನ್‌ಸೇ ಅವರ ಕನ್ನಡಕ ನೆನಪಾಗುತ್ತದೆ.

ಇನ್ನು ಆಟದೊಳಗಿನ ಕಾರಣ. ಯಾಕು ಮೊದಲೇ ಕಂಡಿರಬೇಕೇ ಎಂಬುದರ ಮೇಲೆ ಜಪಾನಿನಲ್ಲಿಯೂ ಹಳೆಯ ಜಗಳವಿದೆ. ಮೊದಲು ಛೀ ಹೇಳಿ ಗುಂಪು ಕೂಡಿಸಿಕೊಂಡು, ಯಾಕು ಕೊಡುವ ಬಿಲ್ಲೆಗೆ ಆಮೇಲೆ ಕಾಯುವುದಕ್ಕೆ ‘ಅತೊಜುಕೆ’ ಎನ್ನುತ್ತಾರೆ. ತೆರೆದ ತಾನ್ಯಾವೊ, ಅತೊಜುಕೆ ಎರಡನ್ನೂ ಒಪ್ಪುವ ಮೇಜು ‘ಆರಿ-ಆರಿ’, ಎರಡನ್ನೂ ಒಪ್ಪದ್ದು ‘ನಾಶಿ-ನಾಶಿ’. ಆರಿ ಎಂದರೆ ಉಂಟು, ನಾಶಿ ಎಂದರೆ ಇಲ್ಲ. ಸೆನ್‌ಸೇ ಹಳೆಯ ಕಾಲದವರು, ನಾಶಿ-ನಾಶಿಯ ಕಡೆ. ಕಾರಣವಿಲ್ಲದೆ ಕೈ ಚಾಚುವುದು ಅವರಿಗೆ ಸೇರದು. ನಾನು ಆರಿ-ಆರಿಯ ಕಡೆ. ಹದಿನೈದು ವರ್ಷದ ಮಕ್ಕಳನ್ನು ಮೂವತ್ತು ವರ್ಷ ನೋಡಿದವನು ನಾನು. ಎಷ್ಟೋ ಮಕ್ಕಳಿಗೆ ಯಾಕು ಕಾಣಿಸುವುದು ಎರಡು ಗುಂಪು ಹೊರಗಿಟ್ಟ ಮೇಲೆಯೇ. ಅದು ಬರುವ ದಾರಿ ಕೈಯೊಳಗೆ ಎಲ್ಲೋ ಒಂದು ಜೋಡಿಯಾಗಿ ಉಳಿದಿರಬೇಕು, ಅಷ್ಟೇ.

ಕಡೆಯ ವಾರದ ಕಡೆಯ ಆಟ. ಪೂರ್ವದ ಸುತ್ತು ಮುಗಿದು ದಕ್ಷಿಣದ ಸುತ್ತಿನ ನಾಲ್ಕನೆಯ ಕೈ. ಅದಾದರೆ ಎಲ್ಲ ಮುಗಿಯಿತು. ಎದುರಿನ ಅಜ್ಜಿ ಎಲ್ಲರಿಗಿಂತ ಸ್ವಲ್ಪವೇ ಮುಂದಿದ್ದರು. ಅವರಿಗೆ ದೊಡ್ಡ ಕೈ ಬೇಕಿರಲಿಲ್ಲ, ಬೇರೆಯವರು ಗೆಲ್ಲುವ ಮೊದಲು ಯಾವುದಾದರೂ ಒಂದು ಗೆಲುವು ಸಾಕಿತ್ತು. ಅಳಿಯಂದಿರು ಆ ಹೊತ್ತಿಗೆ ಪಾಠ ಕಲಿತಿದ್ದರು. ಯಾರಿಂದಲೂ ಏನನ್ನೂ ಕೇಳದೆ ಅಪರೂಪದ ಕೈಯೊಂದನ್ನು ಕಟ್ಟುತ್ತಿದ್ದರು. ಅಜ್ಜಿ ಮೊದಲು ಎರಡು ಸಲ ಛೀ ಹೇಳಬಹುದಾದ ಬಿಲ್ಲೆ ಬಂದರೂ ಸುಮ್ಮನಿದ್ದರು. ಬಿಳಿ ಡ್ರ್ಯಾಗನ್ ಮೇಜಿಗೆ ಬಿದ್ದಾಗ ಮಾತ್ರ ‘ಪೋನ್’ ಎಂದರು. ಯಾಕು ಸಿಕ್ಕಿತು. ಆಮೇಲೆ ಕಂಡ ಕಂಡದ್ದಕ್ಕೆಲ್ಲ ಛೀ, ಛೀ. ಅಳಿಯಂದಿರು ‘ರೀಚಿ’ ಎಂದು ಕಡ್ಡಿ ಇಟ್ಟರು. ಇನ್ನೊಂದು ಬಿಲ್ಲೆ ಬಂದಿದ್ದರೆ ಅಜ್ಜಿ ಮೂರನೆಯ ಸ್ಥಾನಕ್ಕೆ ಜಾರುತ್ತಿದ್ದರಂತೆ. ಮುಂದಿನ ಸರದಿಯಲ್ಲಿ ಸೆನ್‌ಸೇ ಬಹಳ ಹೊತ್ತು ಯೋಚಿಸಿ, ಅಳಿಯಂದಿರಿಗೆ ಬೇಡವಾದದ್ದೇ ಇರಲೆಂದು ವೃತ್ತದ 7 ಬಿಟ್ಟರು.

‘ರೋನ್’ ಎಂದರು ಅಜ್ಜಿ. ‘ಸೆನ್ ತೆನ್.’ 1000 ಅಂಕ. ಸೆನ್‌ಸೇ ಒಂದು ಕೆಂಪು ಚುಕ್ಕೆಯ ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು ಅವರ ಮುಂದಿಟ್ಟರು. ಅಳಿಯಂದಿರ ರೀಚಿಯ ಕಡ್ಡಿಯೂ ನಿಯಮದಂತೆ ಅಜ್ಜಿಗೇ ಹೋಯಿತು. ಅವರ ಮುಂದೆ ನಾಲ್ಕೇ ನಾಲ್ಕು ಬಿಲ್ಲೆ ನಿಂತಿದ್ದವು, ಉಳಿದದ್ದೆಲ್ಲ ಆಗಲೇ ಹೊರಗಿತ್ತು. ಗಂಟೆ ಐದಾಗಿತ್ತು. ಅಜ್ಜಿ ಬಿಲ್ಲೆಗಳನ್ನು ನಡುವಿಗೆ ದೂಡಿ, ಕೊಡೆ ಎತ್ತಿಕೊಂಡು, ಅಂಗಡಿ ಮುಚ್ಚುವುದರೊಳಗೆ ಮೀನು ಕೊಳ್ಳಬೇಕೆಂದು ಹೊರಟುಹೋದರು.